ತಾರಸಿ ಮೇಲೆ ಟ್ಯಾಂಕ್ ತುಂಬಿದೆ, ಬಚ್ಚಲಲ್ಲಿ ನೀರು ಬರ್ತಿಲ್ಲ. ಪ್ರೆಷರ್ ಪಂಪ್ ಹಾಕಿಸೋದಾ, ಬೇಡ್ವಾ?

ಕುವೆಂಪುನಗರದ ಮಗಳು · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರು ಕುವೆಂಪುನಗರದಲ್ಲಿ ಅಪ್ಪ 1994ರಲ್ಲಿ ಕಟ್ಟಿಸಿದ ಮನೆ. ಕೆಳಗೆ ಅಮ್ಮ ಇರ್ತಾರೆ, ಮೇಲೆ ನಾವು. ತಾರಸಿ ಮೇಲೆ 1000 ಲೀಟರ್ ಸಿಂಟೆಕ್ಸು, ಅದರ ಕೆಳಗೆ ಮೂರಡಿ ಕಟ್ಟೆ.

ಮೂರು ತಿಂಗಳಿಂದ ಕೆಳಗಿನ ಬಚ್ಚಲ ನಲ್ಲಿ ಪೂರ್ತಿ ತಿರುಗಿಸಿದರೂ ನೀರು ನೂಲಿನ ಹಾಗೆ ಬರ್ತಿದೆ. ಮೇಲಿನ ಬಾತ್‌ರೂಮಿನ ಷವರ್ ಮೊದಲಿಂದಲೂ ಅಷ್ಟಕ್ಕಷ್ಟೆ, ಈಗ ಪೂರ್ತಿ ನಿಂತುಹೋದ ಹಾಗೇ ಲೆಕ್ಕ. ಅಮ್ಮನಿಗೆ 74 ವರ್ಷ, ಮಂಡಿ ನೋವು. ಬಕೆಟ್ ತುಂಬೋವರೆಗೆ ನಿಂತಿರೋಕೆ ಆಗಲ್ಲ ಅಂತ ರಾತ್ರಿ ಮಲಗೋ ಮುಂಚೆನೇ ನಲ್ಲಿ ಕೆಳಗೆ ಬಕೆಟ್ ಇಟ್ಟು, ಮಣೆ ಹಾಕಿಕೊಂಡು ಕಾದು ಕೂತು ತುಂಬಿಸಿಡ್ತಾರೆ. ಅದನ್ನ ನೋಡಿದರೆ ನನಗೆ ಸಂಕಟ ಆಗುತ್ತೆ.

ನಿನ್ನೆ ಒಬ್ಬ ಪ್ಲಂಬರ್ ಬಂದಿದ್ದರು. ಒಂದು ನಲ್ಲಿ ತಿರುಗಿಸಿ ನೋಡಿ, "ಪ್ರೆಷರ್ ಪಂಪ್ ಹಾಕಿಸಿಬಿಡಿ ಮೇಡಂ, ಎಲ್ಲಾ ಸೇರಿ 22 ಸಾವಿರ" ಅಂದರು. ದುಡ್ಡು ಕೊಡೋಕೆ ನಾನು ತಯಾರಿದ್ದೀನಿ. ಆದರೆ ಒಂದು ಅನುಮಾನ. ಕೆಳಗಿನ ಅಡುಗೆಮನೆ ನಲ್ಲಿಯಲ್ಲಿ ನೀರು ಚೆನ್ನಾಗಿ ಬರ್ತಿದೆ. ಟ್ಯಾಂಕ್ ಒಂದೇ, ಎತ್ತರ ಒಂದೇ, ಅಲ್ಲಿ ಬರೋ ನೀರು ಇಲ್ಲಿ ಯಾಕೆ ಬರಲ್ಲ? ಗೊತ್ತಿರೋರು ದಯವಿಟ್ಟು ಹೇಳಿ.

ಶ್ರೀರಾಂಪುರ ನಿವಾಸಿ · ಭಾನುವಾರ ರಾತ್ರಿ 9:32

ಮೇಡಂ, ಹೆಚ್ಚು ಯೋಚಿಸಬೇಡಿ, ಪಂಪ್ ಹಾಕಿಸಿ. ನಾವು ಅರ್ಧ ಎಚ್‌ಪಿದು ಹಾಕಿಸಿ ನಾಲ್ಕು ವರ್ಷ ಆಯ್ತು, ಒಂದು ತೊಂದರೆ ಇಲ್ಲ. ನಲ್ಲಿ ತಿರುಗಿಸಿದ ಕೂಡಲೇ ತಾನೇ ಆನ್ ಆಗುತ್ತೆ. ಷವರ್ ಅಂತೂ ಹೋಟೆಲಿನ ಹಾಗೆ ಬರುತ್ತೆ.

ಗುತ್ತಲು ಹೈದ · ಭಾನುವಾರ ರಾತ್ರಿ 10:05

ಅಕ್ಕಾ, ಪಂಪ್ ಹಾಕ್ಸೋಕ್ ಮುಂಚೆ ನಮ್ಮನೆ ಕತೆ ಒಸಿ ಕೇಳಿ. ನಮ್ದು ಮಂಡ್ಯ, ಗುತ್ತಲು. ಹೋದ್ ಮಳೆಗಾಲ ಹಿಂಗೇ ಆಗಿತ್ತು. ಕನ್ನಂಬಾಡಿ ಕಟ್ಟೇಲಿ 124.80 ಅಡಿ ನೀರು, ನಾಲೆ ತುಂಬ ಹರೀತಾ ಅದೆ, ನಮ್ಮ ಬಚ್ಚಲ್ ನಲ್ಲೀಲಿ ಮಾತ್ರ ಇಲ್ಲ. ಯಾರೋ ಹೇಳುದ್ರು ಅಂತ ಪಂಪ್ ಹಾಕ್ಸುದ್ವಿ. ಒಂದ್ ವಾರ ಜೋರಾಗೇ ಬಂತು. ಎಂಟ್ನೇ ದಿನ ರೂಮಿನ್ ಗೋಡೇಲಿ ಅಂಗೈ ಅಗಲ ತೇವ ಕಾಣುಸ್ತು. ಹದಿನೈದ್ ದಿನಕ್ಕೆ ಬಣ್ಣ ಉಬ್ಬಿ ಉದುರೋಕ್ ಶುರುವಾಯ್ತು.

ಗೋಡೆ ಕೊರುದ್ ನೋಡುದ್ರೆ ಹಳೇ ಜಿಐ ಪೈಪು, ಅದೇ ಸತು ಬಳ್ದಿರೋ ಕಬ್ಬಿಣದ್ದು, ತುಕ್ಕಿಡ್ದು ಹಪ್ಪಳ ಆಗ್ಬುಟ್ಟಿತ್ತು. ಕಮ್ಮಿ ಒತ್ತಡ್ದಲ್ಲಿ ಹೆಂಗೋ ತಡ್ಕೊಂಡಿತ್ತು, ಪಂಪು ತಳ್ಳೋಕ್ ಶುರು ಮಾಡುದ್ ಮೇಲೆ ಕೈ ಕೊಡ್ತು. ಪೈಪ್ ಬದಲಾಯ್ಸಿ, ಗಾರೆ ಮೆತ್ತಿ, ಬಣ್ಣ ಬಳ್ದು, ಪಂಪಿನ ಮೂರರಷ್ಟು ಖರ್ಚಾಯ್ತು. ಹೊಸ ಪೈಪ್ ಹಾಕುದ್ಮೇಲೆ ಪಂಪ್ ಆಫ್ ಮಾಡಿ ನೋಡುದ್ರೆ ನೀರು ಚೆನ್ನಾಗೇ ಬತ್ತಾ ಅದೆ. ಆ ಪಂಪು ಈಗ ಅಟ್ಟದ ಮೇಲದೆ. ನಿಮ್ದೂ 1994ರ ಮನೆ, ಪೈಪು ಜಿಐ ಆಗಿರ್ಬೇಕು. ಮೊದ್ಲು ಅದನ್ನ ನೋಡ್ಕಳಿ.

ನಿವೃತ್ತ ಇಂಜಿನಿಯರ್, ಸರಸ್ವತಿಪುರಂ · ಸೋಮವಾರ ಬೆಳಗ್ಗೆ 6:48

ಅಮ್ಮಾ, ನಿಮ್ಮ ಅನುಮಾನ ಸರಿಯಾಗೇ ಇದೆ. ಅಡುಗೆಮನೆಗೆ ಬಂದು ಬಚ್ಚಲಿಗೆ ಬರದಿದ್ದರೆ ಕೊರತೆ ಎತ್ತರದ್ದಲ್ಲ, ದಾರಿಯಲ್ಲಿ ಎಲ್ಲೋ ತಡೆ ಇದೆ. ಆದರೆ ಒಂದು ವಿಷಯ ಮೊದಲು ಖಚಿತ ಮಾಡಿಕೊಳ್ಳಿ. ಮೈಸೂರಿನ ಬಹಳಷ್ಟು ಹಳೇ ಮನೆಗಳಲ್ಲಿ ಕುಡಿಯೋ ನೀರಿಗೆ ಅಂತ ಅಡುಗೆಮನೆಗೆ ಕಾರ್ಪೊರೇಷನ್ ಲೈನನ್ನೇ ನೇರವಾಗಿ ಎಳೆದಿರ್ತಾರೆ. ನಿಮ್ಮ ನಲ್ಲಿಯೂ ಹಾಗಿದ್ದರೆ ಅದರ ಜೋರು ಬೀದಿ ಪೈಪಿನ ಜೋರು, ಟ್ಯಾಂಕಿಗೂ ಅದಕ್ಕೂ ಸಂಬಂಧ ಇಲ್ಲ. ನೀರು ಬಿಡದ ಹೊತ್ತಲ್ಲೂ ಅದರಲ್ಲಿ ಅಷ್ಟೇ ಜೋರು ಇದೆಯಾ ನೋಡಿ.

ಇನ್ನು ಎತ್ತರದ ಲೆಕ್ಕ. ನಿಂತ ನೀರಿನ ಒತ್ತಡ ನಿರ್ಧಾರ ಆಗೋದು ಎತ್ತರದಿಂದ ಮಾತ್ರ. ಸುಮಾರು ಹತ್ತು ಮೀಟರ್, ಅಂದರೆ 33 ಅಡಿಗೆ ಒಂದು ಬಾರ್ (ಒತ್ತಡ ಅಳೆಯೋ ಮಾನ). ಟ್ಯಾಂಕ್ 500 ಲೀಟರಿದ್ದರೂ 2000 ಲೀಟರಿದ್ದರೂ ವ್ಯತ್ಯಾಸ ಇಲ್ಲ, ಅದರಲ್ಲಿ ನೀರಿನ ಮಟ್ಟ ಎಷ್ಟು ಮೇಲಿದೆ ಅನ್ನೋದಷ್ಟೇ ಲೆಕ್ಕ. ನಿಮ್ಮದು ನೆಲದಿಂದ ತಾರಸಿಗೆ 20 ಅಡಿ, ಕಟ್ಟೆ 3 ಅಡಿ, ಟ್ಯಾಂಕಿನ ತಳ 23 ಅಡಿಯಲ್ಲಿದೆ ಅಂತಿಟ್ಟುಕೊಳ್ಳೋಣ. ಕೆಳಗಿನ ಬಚ್ಚಲ ನಲ್ಲಿ ನೆಲದಿಂದ 2 ಅಡಿ. ಉಳಿದದ್ದು 21 ಅಡಿ, ಅಂದರೆ 0.6 ಬಾರ್‌ಗೆ ಸ್ವಲ್ಪ ಮೇಲೆ. ಬಕೆಟ್ ತುಂಬೋಕೆ ಇದು ಧಾರಾಳ ಸಾಕು, ಪಂಪ್ ಯಾಕೆ ಬೇಕು? ಮೇಲಿನ ಷವರ್ ವಿಷಯ ಬೇರೆ. ಅದು 17 ಅಡಿ ಎತ್ತರದಲ್ಲಿದೆ, ಉಳಿಯೋದು ಆರೇ ಅಡಿ, 0.18 ಬಾರ್. ಅದು ಹುಟ್ಟಿನಿಂದಲೇ ಕಡಿಮೆ. ಇವೆರಡನ್ನೂ ಒಂದೇ ಕಾಯಿಲೆ ಅಂದುಕೊಂಡರೆ ಔಷಧಿ ತಪ್ಪುತ್ತೆ.

ಈಗ ನಾಲ್ಕು ಪ್ರಶ್ನೆ ಕೇಳ್ತೀನಿ. ನೀರು ವರ್ಷಗಟ್ಟಲೆ ಮೆಲ್ಲಮೆಲ್ಲಗೆ ಕಡಿಮೆಯಾಯ್ತಾ, ಒಂದೇ ದಿನ ಕಡಿಮೆಯಾಯ್ತಾ? ಬಿಸಿನೀರು, ತಣ್ಣೀರು ಎರಡೂ ಕಡಿಮೆಯಾ? ತಾರಸಿ ಮೇಲೆ ಟ್ಯಾಂಕಿನಿಂದ ಎಷ್ಟು ಪೈಪ್ ಹೊರಡ್ತವೆ, ಯಾವುದು ಎಲ್ಲಿಗೆ ಹೋಗುತ್ತೆ? ಹತ್ತು ಲೀಟರ್ ತುಂಬೋಕೆ ಪ್ರತಿ ನಲ್ಲಿಯಲ್ಲೂ ಎಷ್ಟು ಸೆಕೆಂಡ್ ಬೇಕು? ಕೊನೆಯದನ್ನ ಗಡಿಯಾರ ಇಟ್ಟುಕೊಂಡೇ ನೋಡಬೇಕು. "ಕಮ್ಮಿ ಬರುತ್ತೆ" ಅನ್ನೋ ಮಾತಿನಿಂದ ಏನೂ ಗೊತ್ತಾಗಲ್ಲ.

ಬೋಗಾದಿ ಮನೆ · ಸೋಮವಾರ ಬೆಳಗ್ಗೆ 9:15

ನಲ್ಲಿ ಬಾಯಿ ನೋಡಿದ್ದೀರಾ? ನಮ್ಮದು ಬೋರ್ ನೀರು, ಗಡಸು ಜಾಸ್ತಿ. ಕುಡಿಯೋ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳೋ ಗಡಸಿನ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲ ಅಂದಾಗ 600. ನಾವು ಪರೀಕ್ಷೆ ಮಾಡಿಸಿದಾಗ ಅದಕ್ಕೂ ಮೇಲೆ ಬಂದಿತ್ತು. ಆರು ತಿಂಗಳಿಗೊಮ್ಮೆ ನಲ್ಲಿ ತುದಿಯ ಜಾಲರಿ ಬಿಳಿ ಸುಣ್ಣ ಕಟ್ಟಿ ಮುಚ್ಚಿಹೋಗುತ್ತೆ. ತುದಿಯನ್ನ ಬಟ್ಟೆ ಸುತ್ತಿ ತಿರುಗಿಸಿ ಬಿಚ್ಚಿ, ರಾತ್ರಿ ನಿಂಬೆರಸಕ್ಕೋ ವಿನೆಗರ್‌ಗೋ ಹಾಕಿಡ್ತೀನಿ. ಬೆಳಗ್ಗೆ ಹಳೇ ಹಲ್ಲುಜ್ಜೋ ಬ್ರಷ್ಷಿನಲ್ಲಿ ಉಜ್ಜಿದರೆ ಪುಡಿಪುಡಿಯಾಗಿ ಬಿಡುತ್ತೆ. ಷವರ್ ತಲೆಗೂ ಹೀಗೇ, ಪ್ಲಾಸ್ಟಿಕ್ ಕವರಿನಲ್ಲಿ ವಿನೆಗರ್ ತುಂಬಿ ಷವರ್‌ಗೇ ಕಟ್ಟಿಬಿಡಿ. ವಾಷ್‌ಬೇಸಿನ್ ಕೆಳಗಿನ ಆಂಗಲ್ ಕಾಕ್ ಒಳಗೂ ಕೆಲವದರಲ್ಲಿ ಜಾಲರಿ ಇರುತ್ತೆ, ಅದನ್ನ ಯಾರೂ ನೋಡಲ್ಲ.

ಕುವೆಂಪುನಗರದ ಮಗಳು · ಸೋಮವಾರ ರಾತ್ರಿ 8:50

ಎಲ್ಲರಿಗೂ ಧನ್ಯವಾದ. ಆಫೀಸಿಂದ ಬಂದು ಇದೇ ಕೆಲಸಕ್ಕೆ ಕೂತೆ. ನಮ್ಮ ಬಕೆಟ್ ಎಷ್ಟು ಲೀಟರಿನದು ಅಂತ ಗೊತ್ತಿರಲಿಲ್ಲ. ಒಂದು ಲೀಟರ್ ಬಾಟಲಿಯಲ್ಲಿ ಹತ್ತು ಸಲ ಅಳೆದು ಹಾಕಿ, ಮಟ್ಟಕ್ಕೆ ಉಗುರುಬಣ್ಣದಲ್ಲಿ ಗೆರೆ ಎಳೆದುಕೊಂಡೆ. ಮಗಳು ಮೊಬೈಲ್ ಹಿಡಿದು ಸಮಯ ನೋಡಿದಳು.

ಕೆಳಗಿನ ಬಚ್ಚಲು ತಣ್ಣೀರು: 3 ನಿಮಿಷ 20 ಸೆಕೆಂಡು.
ಕೆಳಗಿನ ಬಚ್ಚಲು ಸೋಲಾರ್ ಬಿಸಿನೀರು: 1 ನಿಮಿಷ 5 ಸೆಕೆಂಡು.
ಕೆಳಗಿನ ಅಡುಗೆಮನೆ, ಸಿಂಕಿನ ನಲ್ಲಿ: 55 ಸೆಕೆಂಡು.
ಮೇಲಿನ ಬಾತ್‌ರೂಮು, ಬಕೆಟ್ ನಲ್ಲಿ ತಣ್ಣೀರು: 5 ನಿಮಿಷ ಆದರೂ ಗೆರೆ ಮುಟ್ಟಲಿಲ್ಲ, ನಿಲ್ಲಿಸಿದೆ.

ಸಾರ್, ನೀವು ಹೇಳಿದ್ದು ನಿಜ, ಕುಡಿಯೋ ನೀರಿನ ನಲ್ಲಿ ಒಂದು ನೇರ ಲೈನಿನದೇ. ಆದರೆ ಮೇಲೆ ಬರೆದಿರೋ ಸಿಂಕಿನ ನಲ್ಲಿ ಟ್ಯಾಂಕಿನದು, ನೀರು ಬಿಡದ ಹೊತ್ತಲ್ಲಿ ನೋಡಿದ್ದು. ಬೋಗಾದಿಯವರು ಹೇಳಿದ ಹಾಗೆ ಬಚ್ಚಲ ನಲ್ಲಿ ಬಾಯಿ ನೋಡಿದೆ, ಹಳೇ ಹಿತ್ತಾಳೆ ನಲ್ಲಿ, ಜಾಲರಿಯೇ ಇಲ್ಲ.

ತಾರಸಿ ಮೇಲೆ ಟ್ಯಾಂಕಿನ ಬುಡದಿಂದ ಮೂರು ಪೈಪ್, ಮೂರಕ್ಕೂ ಕೆಂಪು ಚಕ್ರದ ವಾಲ್ವ್. ಒಂದು ಅಡುಗೆಮನೆಗೆ, ಒಂದು ಸೋಲಾರ್‌ಗೆ, ಒಂದು ಎರಡೂ ಬಚ್ಚಲಿಗೆ.

ಯಾವಾಗಿಂದ ಅನ್ನೋದು ನನಗೆ ಸರಿಯಾಗಿ ನೆನಪಿರಲಿಲ್ಲ. ಅಮ್ಮನ್ನ ಕೇಳಿದೆ. "ಯುಗಾದಿಗೆ ಟ್ಯಾಂಕ್ ತೊಳೆಸಿದ್ವಲ್ಲ, ಅವತ್ತಿಂದ" ಅಂದರು. ಎಣ್ಣೆಸ್ನಾನಕ್ಕೆ ನೀರು ಹಿಡಿಯೋಕೆ ಹೋದಾಗಲೇ ಕಡಿಮೆ ಇತ್ತಂತೆ. ನಮಗೆ ಯಾರಿಗೂ ಹೇಳಿರಲಿಲ್ಲ.

ಪ್ಲಂಬಿಂಗ್ 22 ವರ್ಷ · ಸೋಮವಾರ ರಾತ್ರಿ 9:30

ಮೇಡಂ, ಇಷ್ಟು ವಿವರ ಕೊಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ನಾನು ಇದೇ ಊರಲ್ಲಿ ಇದೇ ಕೆಲಸ ಮಾಡೋನು. ನಿಮ್ಮ ಅಮ್ಮ ಹೇಳಿದ ಮಾತೇ ಮುಖ್ಯ. ಟ್ಯಾಂಕ್ ತೊಳೆಯೋರು ಮೊದಲು ಮಾಡೋದು ಕೆಳಗಿನ ವಾಲ್ವ್ ಎಲ್ಲಾ ಮುಚ್ಚೋದು, ತೊಳೆದು ಮುಗಿದ ಮೇಲೆ ತೆಗೆಯೋದು. ಕೆಂಪು ಚಕ್ರದ್ದು ಗೇಟ್ ವಾಲ್ವ್. ಅದರೊಳಗೆ ಒಂದು ಹಿತ್ತಾಳೆ ಬಿಲ್ಲೆ ಇರುತ್ತೆ, ಚಕ್ರ ತಿರುಗಿಸಿದರೆ ಆ ಬಿಲ್ಲೆ ಮೇಲೆ ಕೆಳಗೆ ಆಗಬೇಕು. ಮೂವತ್ತು ವರ್ಷ ಮುಟ್ಟದೇ ಇದ್ದ ವಾಲ್ವನ್ನ ಒಂದೇ ಸಲ ಬಿಗಿಯಾಗಿ ಮುಚ್ಚಿ ತೆಗೆಯೋಕೆ ಹೋದರೆ ಬಿಲ್ಲೆ ಕೆಳಗೇ ಕಚ್ಚಿಕೊಂಡು ಕಡ್ಡಿಯಿಂದ ಕಳಚಿಕೊಳ್ಳುತ್ತೆ. ಮೇಲೆ ಚಕ್ರ ಆರಾಮಾಗಿ ತಿರುಗುತ್ತೆ, ನೋಡೋರಿಗೆ ತೆರೆದಿದೆ ಅನ್ನಿಸುತ್ತೆ. ಒಳಗೆ ಬಾಗಿಲು ಮುಚ್ಚೇ ಇರುತ್ತೆ, ಸಂದಿಯಿಂದ ಸ್ವಲ್ಪ ನೀರು ಹೋಗ್ತಿರುತ್ತೆ ಅಷ್ಟೆ.

ಚಕ್ರ ತಿರುಗಿಸಿ ನೋಡಿ. ಒಳ್ಳೇ ವಾಲ್ವ್ ಎರಡೂ ಕಡೆ ಕೊನೆಯಲ್ಲಿ ಬಿಗಿಯಾಗಿ ನಿಲ್ಲುತ್ತೆ. ಕೆಟ್ಟದ್ದು ಸಡಿಲವಾಗಿ ತಿರುಗ್ತಾನೇ ಇರುತ್ತೆ. ಜೋರು ಮಾಡಬೇಡಿ, ಹಳೇ ವಾಲ್ವ್ ಕುತ್ತಿಗೆ ಮುರಿದರೆ ಟ್ಯಾಂಕ್ ನೀರೆಲ್ಲಾ ತಾರಸಿ ಮೇಲೆ ಹೋಗುತ್ತೆ.

ಇನ್ನೊಂದು ಸಾಧ್ಯತೆ, ತೊಳೆದ ಕೆಸರು ಪೈಪಿಗೆ ಇಳಿದು ಮೊದಲನೇ ಎಲ್ಬೋದಲ್ಲಿ, ಅಂದರೆ ಪೈಪಿನ ತಿರುವಿನ ಜೋಡಣೆಯಲ್ಲಿ, ಕೂತಿರಬಹುದು. ಎರಡೂ ಸೇರಿರೋದನ್ನೂ ನೋಡಿದ್ದೀನಿ.

ನಿವೃತ್ತ ಇಂಜಿನಿಯರ್, ಸರಸ್ವತಿಪುರಂ · ಮಂಗಳವಾರ ಬೆಳಗ್ಗೆ 6:30

ಪ್ಲಂಬರ್ ಅವರ ಊಹೆ ಬಹುತೇಕ ಸರಿ ಇರುತ್ತೆ. ಆದರೂ ಪೈಪ್ ಬಿಚ್ಚೋ ಮುಂಚೆ ಮಾಡಬಹುದಾದ ಒಂದು ಪರೀಕ್ಷೆ ಹೇಳ್ತೀನಿ, ಖರ್ಚು ಹೆಚ್ಚಿಲ್ಲ. ಗಾರೆ ಕೆಲಸದವರು ಮಟ್ಟ ನೋಡೋಕೆ ಇಟ್ಟುಕೊಳ್ಳೋ ತೆಳ್ಳಗಿನ ಪಾರದರ್ಶಕ ಲೆವೆಲ್ ಪೈಪು ಇದೆಯಲ್ಲ, ಅದು ಹತ್ತು ಮೀಟರ್ ತನ್ನಿ. ಒಂದು ತುದಿಯನ್ನ ಮೇಲಿನ ಬಾತ್‌ರೂಮಿನ ನಲ್ಲಿಗೆ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿಯನ್ನ ವೆಂಟಿಲೇಟರ್‌ನಿಂದ ಹೊರಗೆ ಹಾಕಿ ತಾರಸಿಗೆ ಎಳೆದು ಟ್ಯಾಂಕಿಗಿಂತ ಮೇಲಕ್ಕೆ ಎತ್ತಿ ಕಟ್ಟಿ. ಆ ಲೈನಿನ ಬೇರೆ ಎಲ್ಲಾ ನಲ್ಲಿ ಮುಚ್ಚಿ, ಇದೊಂದನ್ನ ತೆರೆಯಿರಿ. ಪೈಪಿನಲ್ಲಿ ನೀರು ಏರುತ್ತಾ ಹೋಗಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಸರಿಯಾಗಿ ನಿಲ್ಲಬೇಕು. ನಿಂತರೆ ಎತ್ತರದಿಂದ ಸಿಗಬೇಕಾದ ಒತ್ತಡ ಪೂರ್ತಿ ಸಿಕ್ತಿದೆ ಅಂತ.

ಆಮೇಲೆ ಯಾರಾದರೂ ಕೆಳಗಿನ ಬಚ್ಚಲ ನಲ್ಲಿ ತೆರೆಯಲಿ. ಮೇಲಿನ ಪೈಪಿನಲ್ಲಿ ನೀರು ಅರ್ಧ ಅಡಿ, ಒಂದಡಿ ಇಳಿದರೆ ಸಹಜ. ಐದಾರು ಅಡಿ ಕುಸಿದರೆ ತಡೆ ಇರೋದು ಎರಡೂ ಬಚ್ಚಲಿಗೆ ಸೇರಿದ ಭಾಗದಲ್ಲಿ, ಅಂದರೆ ಟ್ಯಾಂಕಿನಿಂದ ಪೈಪು ಎರಡಾಗಿ ಕವಲೊಡೆಯೋ ಮೊದಲ ಟೀ ಜೋಡಣೆವರೆಗೆ. ಒಂದಿಷ್ಟೂ ಅಲುಗಾಡದಿದ್ದರೆ ತಡೆ ಇರೋದು ಟೀಯಿಂದ ಕೆಳಗೆ, ಗೋಡೆಯೊಳಗೆ. ಗೋಡೆ ಕೊರೀಬೇಕಾ ಬೇಡವಾ ಅನ್ನೋದು ಇದರಿಂದಲೇ ತೀರ್ಮಾನ ಆಗುತ್ತೆ.

ಜನ ಗೊಂದಲ ಮಾಡಿಕೊಳ್ಳೋದು ಇಲ್ಲೇ. ನಲ್ಲಿ ಮುಚ್ಚಿದ್ದಾಗಿನ ಒತ್ತಡ ಬೇರೆ, ನೀರು ಹರಿಯುವಾಗ ಉಳಿಯೋ ಒತ್ತಡ ಬೇರೆ. ತಡೆ ಎಷ್ಟೇ ಇದ್ದರೂ ನಿಂತ ನೀರಿಗೆ ಅದು ಕಾಣಿಸಲ್ಲ, ಹರಿಯೋಕೆ ಶುರುವಾದಾಗಲೇ ಕಾಣಿಸೋದು. ಪೈಪಿನ ಒಳಗಿನ ಅಗಲ ಅರ್ಧ ಆದರೆ ಅಷ್ಟೇ ನೀರು ಹರಿಸೋಕೆ ಆಗೋ ನಷ್ಟ ಸುಮಾರು 32 ಪಟ್ಟು. ಮುಕ್ಕಾಲಿಂಚಿನ ಜಿಐ ಪೈಪಿನೊಳಗೆ ತುಕ್ಕು ಬೆಳೆದು ಪೆನ್ಸಿಲ್ ತೂರೋಷ್ಟೇ ಜಾಗ ಉಳಿದರೆ ಏನಾಗುತ್ತೆ ಅಂತ ಲೆಕ್ಕ ಹಾಕಿ.

ಜೆ.ಪಿ. ನಗರ ಸೋಲಾರ್ · ಮಂಗಳವಾರ ಬೆಳಗ್ಗೆ 10:40

ಪಂಪ್ ಹಾಕಿಸೋರಿಗೆ ಸೋಲಾರ್ ಬಗ್ಗೆ ಒಂದು ಮಾತು. ನಮ್ಮ ಮನೆಯಲ್ಲಿ ತಣ್ಣೀರಿನ ಲೈನಿಗೆ ಮಾತ್ರ ಪಂಪ್ ಹಾಕಿದರು. ಎರಡು ದಿನಕ್ಕೆ ಸೋಲಾರಿನ ಗಾಳಿ ಕೊಳವೆಯಿಂದ ತಾರಸಿ ಮೇಲೆ ನೀರು ಸುರಿಯೋಕೆ ಶುರುವಾಯ್ತು, ಸ್ನಾನಕ್ಕೆ ಬಿಸಿನೀರೇ ಇಲ್ಲ. ಕಾರಣ ಏನಪ್ಪಾ ಅಂದರೆ, ಗೋಡೆಯ ಮಿಕ್ಸರ್‌ನಲ್ಲಿ ಬಿಸಿ ತಣ್ಣನೆ ಎರಡೂ ತಿರುಗಿಸಿದಾಗ ಪಂಪಿನ ಜೋರಿರೋ ತಣ್ಣೀರು ಬಿಸಿನೀರಿನ ಪೈಪಿಗೇ ನುಗ್ಗಿ ಸೋಲಾರ್ ಟ್ಯಾಂಕಿಗೆ ವಾಪಸ್ ಹತ್ತುತ್ತೆ. ಬಿಸಿನೀರಿನ ಲೈನಿಗೆ ನಾನ್ ರಿಟರ್ನ್ ವಾಲ್ವ್ ಹಾಕಿದರೆ ವಾಪಸ್ ಹತ್ತೋದು ನಿಲ್ಲುತ್ತೆ, ಆದರೆ ತಣ್ಣೀರಿನ ಜೋರಿಗೆ ಬಿಸಿನೀರು ಹೊರಗೇ ಬರಲ್ಲ. ಕೊನೆಗೆ ಎರಡೂ ಲೈನಿಗೆ ಸಮ ಒತ್ತಡ ಕೊಡಿಸಬೇಕಾಯ್ತು.

ಗಾಳಿ ಕೊಳವೆ ಇರೋ ಸಾದಾ ಸೋಲಾರ್ ಟ್ಯಾಂಕನ್ನ ಒತ್ತಡ ತಡೆಯೋ ಹಾಗೆ ಮಾಡಿರಲ್ಲ. ಪಂಪಿನ ನೀರನ್ನ ಅದಕ್ಕೆ ನೇರವಾಗಿ ಯಾವ ಕಾರಣಕ್ಕೂ ಕೊಡಿಸಬೇಡಿ. ಪಂಪ್ ಮಾರೋರು ಇದನ್ನ ಕೇಳಿದರೂ ಹೇಳಲ್ಲ.

ವಿಜಯನಗರ ಬಾಡಿಗೆದಾರ · ಮಂಗಳವಾರ ಮಧ್ಯಾಹ್ನ 1:20

ನಂದೂ ಒಂದು ಪ್ರಶ್ನೆ, ಇದೇ ಎಳೆಯಲ್ಲಿ ಕೇಳ್ತಿದ್ದೀನಿ. ಕಾರ್ಪೊರೇಷನ್ ನೀರು ಸಂಪಿಗೆ ಬೀಳೋದೇ ಸಣ್ಣಗೆ. ಬಿಡೋದು ಎರಡು ಗಂಟೆ, ಅಷ್ಟರಲ್ಲಿ ಸಂಪು ಕಾಲುಭಾಗ ತುಂಬೋದೂ ಕಷ್ಟ. ಓನರ್ ಬೀದಿ ಲೈನಿಗೇ ಮೋಟರ್ ಹಾಕಿ ಎಳೆಯೋಣ ಅಂತಿದಾರೆ. ಸರಿನಾ?

ನಿವೃತ್ತ ಇಂಜಿನಿಯರ್, ಸರಸ್ವತಿಪುರಂ · ಮಂಗಳವಾರ ಮಧ್ಯಾಹ್ನ 3:05

ಖಂಡಿತ ಬೇಡ. ಬೀದಿ ಲೈನಿಗೆ ನೇರ ಮೋಟರ್ ಹಾಕೋದು ಕಾನೂನಿಗೆ ವಿರುದ್ಧ, ಅದಕ್ಕಿಂತ ಹೆಚ್ಚಾಗಿ ಅಪಾಯ. ಮೋಟರ್ ಎಳೆದಾಗ ಪೈಪಿನೊಳಗೆ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತೆ. ಆಗ ಎಲ್ಲೋ ಒಂದು ಸಡಿಲ ಜೋಡಣೆಯಿಂದ ಪಕ್ಕದ ಚರಂಡಿ ನೀರು ಒಳಗೆ ಸೇರುತ್ತೆ. ಅದನ್ನ ಕುಡಿಯೋದು ನೀವೊಬ್ಬರೇ ಅಲ್ಲ, ಮುಂದಿನ ಮನೆಗಳ ಮಕ್ಕಳೂ ಕುಡೀತಾರೆ. ನಿಮ್ಮ ಪಕ್ಕದ ಮನೆಯ ಪಾಲಿನ ನೀರನ್ನೂ ಕಿತ್ತುಕೊಂಡ ಹಾಗಾಗುತ್ತೆ.

ನಮ್ಮೂರಿನ ನೀರು ಬರೋದು ಕಾವೇರಿಯ ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ, ಕಬಿನಿಯ ಬಿದರಗೂಡಿನಿಂದ. ಅಲ್ಲಿಂದ ಪಂಪ್ ಮಾಡಿ ಯಾದವಗಿರಿ, ವಿಜಯನಗರದಂಥ ಎತ್ತರದ ಜಲಾಗಾರಗಳಿಗೆ ಏರಿಸಿ, ಅಲ್ಲಿಂದ ಬಡಾವಣೆಗಳಿಗೆ ಸರದಿ ಮೇಲೆ ಬಿಡ್ತಾರೆ. ಜಲಾಗಾರದಿಂದ ದೂರ ಇರೋ ಬೀದಿಗೆ, ದಿಣ್ಣೆ ಮೇಲಿನ ಮನೆಗೆ ಒತ್ತಡ ಸ್ವಲ್ಪ ಕಡಿಮೆ ಇರೋದು ಸಹಜ. ಹಾಗಾಗಿ ಮೊದಲು ಅಕ್ಕಪಕ್ಕದ ಮೂರು ಮನೆ ಕೇಳಿ. ಎಲ್ಲರಿಗೂ ಕಡಿಮೆ ಇದ್ದರೆ ಅದು ಬೀದಿ ಲೈನಿನ ವಿಷಯ, ಎಲ್ಲರೂ ಸೇರಿ ಒಂದೇ ಅರ್ಜಿ ಬರೆದು ವಾಣಿವಿಲಾಸ ವಾಟರ್ ವರ್ಕ್ಸ್‌ಗೆ ಕೊಡಿ. ನಿಮಗೊಬ್ಬರಿಗೇ ಕಡಿಮೆ ಇದ್ದರೆ ಮೀಟರಿನ ಒಳಗಿನ ಜಾಲರಿ ಅಥವಾ ಬೀದಿ ಪೈಪಿನಿಂದ ನಿಮ್ಮ ಪೈಪ್ ಹೊರಡೋ ಜಾಗದ ಫೆರೂಲ್ ಕಟ್ಟಿಕೊಂಡಿರಬಹುದು. ಇವೆರಡನ್ನೂ ನೀವೇ ಮುಟ್ಟಬೇಡಿ, ಅವರ ಸಿಬ್ಬಂದಿಯಿಂದಲೇ ಮಾಡಿಸಿ. ಸಂಪಿನ ಫ್ಲೋಟ್ ವಾಲ್ವ್ ಮಾತ್ರ ನೀವೇ ನೋಡಬಹುದು. ಅದರ ಚೆಂಡು ಅರ್ಧಕ್ಕೇ ಸಿಕ್ಕಿಕೊಂಡಿದ್ದರೂ ನೀರು ಸಣ್ಣಗೇ ಬೀಳುತ್ತೆ.

ಗುತ್ತಲು ಹೈದ · ಮಂಗಳವಾರ ಸಂಜೆ 6:10

ಇಂಜಿನಿಯರ್ ಸಾರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾಲೆ ಕೊನೇಲಿರೋ ಗದ್ದೆಯೋರ್ ಕಷ್ಟ ನಮ್ಗೊತ್ತು. ಮೇಲಿನೋನು ತೂಬಿಗೆ ಕಲ್ಲಿಟ್ಟು ಜಾಸ್ತಿ ಎಳ್ಕಂಡ್ರೆ ಕೆಳಗಿನೋನ್ ಪೈರು ಒಣಗ್ತದೆ. ಅದಕ್ಕೇ ನೀರುಗಂಟಿ ಇರೋದು. ಬೀದಿ ನೀರೂ ಅಷ್ಟೇ ಕನಣ್ಣ.

ಕುವೆಂಪುನಗರದ ಮಗಳು · ಗುರುವಾರ ರಾತ್ರಿ 9:45

ಲೆವೆಲ್ ಪೈಪಿನ ಪರೀಕ್ಷೆ ಮಾಡಿದ್ವಿ. ನಾನು ತಾರಸಿ ಮೇಲೆ, ನಮ್ಮೆಜಮಾನ್ರು ಬಾತ್‌ರೂಮಿನಲ್ಲಿ, ಅಮ್ಮ ಕೆಳಗೆ. ನೀರು ಪೈಪಿನಲ್ಲಿ ಏರೋಕೆ ನಾಲ್ಕು ನಿಮಿಷದ ಹತ್ತಿರ ತಗೊಂಡಿತು, ಆದರೆ ಕೊನೆಗೆ ಟ್ಯಾಂಕಿನ ನೀರಿನ ಮಟ್ಟಕ್ಕೇ ಬಂದು ನಿಂತಿತು. ಆಮೇಲೆ ಅಮ್ಮನಿಗೆ ಕೂಗಿ ಹೇಳಿದೆ. ಅವರು ನಲ್ಲಿ ತಿರುಗಿಸಿದ್ದೇ ತಡ, ನನ್ನ ಕಣ್ಣೆದುರೇ ಪೈಪಿನಲ್ಲಿದ್ದ ನೀರು ಸರ್ರನೆ ಇಳಿದು ತಾರಸಿ ಅಂಚು ದಾಟಿ ಕೆಳಗೆ ಹೋಯ್ತು. ಅವರು ಮುಚ್ಚಿದ ಮೇಲೆ ಮೆಲ್ಲಗೆ ಮತ್ತೆ ಏರಿತು. ಎರಡು ಸಲ ಮಾಡಿ ನೋಡಿದೆ. ಗೋಡೆಯೊಳಗಿನ ತೊಂದರೆ ಅಲ್ಲ ಅಂತ ಗೊತ್ತಾದಾಗ ಎಷ್ಟು ಸಮಾಧಾನ ಆಯ್ತು ಅಂದರೆ ಹೇಳೋಕಾಗಲ್ಲ.

ವಾಲ್ವ್ ಚಕ್ರ ತಿರುಗಿಸಿ ನೋಡಿದೆ. ಬೇರೆ ಎರಡು ಗಟ್ಟಿಯಾಗಿ ನಿಲ್ತವೆ. ಬಚ್ಚಲ ಲೈನಿನದು ಕಾಫಿಪುಡಿ ಡಬ್ಬಿ ಮುಚ್ಚಳ ತಿರುಗಿಸಿದ ಹಾಗೆ ತಿರುಗ್ತಾನೇ ಇತ್ತು.

ಪ್ಲಂಬಿಂಗ್ 22 ವರ್ಷ · ಗುರುವಾರ ರಾತ್ರಿ 10:15

ಹಾಗಾದರೆ ಅದೇ. ಯಾರನ್ನ ಕರೆಸಿದರೂ ಇಷ್ಟು ಹೇಳಿ ಮಾಡಿಸಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಕೊಂಡು ಶುರು ಮಾಡಲಿ. ಗೇಟ್ ವಾಲ್ವ್ ತೆಗೆದು ಒಂದಿಂಚಿನ ಫುಲ್ ಬೋರ್ (ಒಳದಾರಿ ಪೈಪಿನಷ್ಟೇ ಅಗಲ ಇರೋ) ಬಾಲ್ ವಾಲ್ವ್ ಹಾಕಲಿ. ಅದು ಕಾಲು ಸುತ್ತಿಗೇ ತೆರೆಯುತ್ತೆ, ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ, ಕಣ್ಣಿಗೇ ಕಾಣುತ್ತೆ. ವಾಲ್ವ್ ಬಿಚ್ಚಿದ ಮೇಲೆ ಮುಂದಿನ ಪೈಪಿನೊಳಗೆ ಟಾರ್ಚ್ ಬಿಟ್ಟು ನೀವೇ ನೋಡಿ. ತುಕ್ಕು ಕಟ್ಟಿದ್ದರೆ ತಾರಸಿ ಮೇಲಿನ ಜಿಐ ತುಂಡು, ಎಲ್ಬೋ ಎಲ್ಲಾ ತೆಗೆಸಿ ಮೊದಲ ಟೀವರೆಗೆ ಒಂದಿಂಚಿನ ಪ್ಲಾಸ್ಟಿಕ್ ಪೈಪ್ ಹಾಕಿಸಿ. ಬಿಸಿಲಿಗೆ ಬೀಳೋ ಪೈಪಿಗೆ ಬಿಳಿ ಎಮಲ್ಷನ್ ಬಳಿಸಿ, ಇಲ್ಲದಿದ್ದರೆ ಕೆಲವು ವರ್ಷಕ್ಕೆ ಪೆಡಸಾಗಿ ಬಿರುಕು ಬಿಡುತ್ತೆ.

ಗಾಳಿ ಕೊಳವೆ ಮರೀಬೇಡಿ. ವಾಲ್ವ್ ದಾಟಿದ ಕೂಡಲೇ ಒಂದು ಟೀ ಹಾಕಿ, ಅರ್ಧ ಇಂಚಿನ ಪೈಪನ್ನ ಟ್ಯಾಂಕಿನ ನೆತ್ತಿಗಿಂತ ಒಂದಡಿ ಮೇಲೆ ಎಬ್ಬಿಸಿ, ತುದಿಯನ್ನ ಕೆಳಕ್ಕೆ ಬಗ್ಗಿಸಿ ಜಾಲರಿ ಕಟ್ಟಬೇಕು. ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದಾಗ ಪೈಪಿನೊಳಗೆ ಸಿಕ್ಕ ಗಾಳಿ ಅಲ್ಲಿಂದ ಹೋಗುತ್ತೆ. ಅದಿಲ್ಲದೆ ಪೈಪು ಪ್ಯಾರಪೆಟ್ ಗೋಡೆ ಹತ್ತಿ ಇಳಿದಿದ್ದರೆ ಆ ಗೂನಿನಲ್ಲಿ ಗಾಳಿ ಕೂತು ನೀರನ್ನ ತಡೆಯುತ್ತೆ. ನಲ್ಲಿ ಬುಸ್ ಬುಸ್ ಅಂತ ಉಗುಳೋದು, ಮಧ್ಯೆ ನಿಂತು ಮತ್ತೆ ಬರೋದು ಈ ಕಾರಣಕ್ಕೇ.

ಮತ್ತೆ, ಕೆಲಸ ಮುಗಿದ ಮೇಲೆ ಮೊದಲ ನೀರನ್ನ ನಲ್ಲಿಯ ತಲೆ ಬಿಚ್ಚಿ ಹೊರಗೆ ಹರಿಸಿಬಿಡಿ. ಇಲ್ಲದಿದ್ದರೆ ಕಿತ್ತು ಬಂದ ತುಕ್ಕೆಲ್ಲಾ ಮಿಕ್ಸರಿನೊಳಗೆ ಕೂತು ಹೊಸ ತಲೆನೋವು.

ಕುವೆಂಪುನಗರದ ಮಗಳು · ಮುಂದಿನ ಸೋಮವಾರ ರಾತ್ರಿ 8:20

ನಿನ್ನೆ ಕೆಲಸ ಮುಗೀತು. ಬೇರೆ ಪ್ಲಂಬರ್‌ನ ಕರೆಸಿದ್ದೆ, ಇಲ್ಲಿ ಬರೆದಿದ್ದನ್ನೆಲ್ಲಾ ಓದಿ ಹೇಳಿದೆ, ಅವರು ತಾಳ್ಮೆಯಿಂದ ಕೇಳಿಕೊಂಡು ಹಾಗೇ ಮಾಡಿದರು.

ವಾಲ್ವ್ ಬಿಚ್ಚಿ ಕೈಗೆ ಕೊಟ್ಟರು. ಬಿಲ್ಲೆ ತಳಕ್ಕೆ ಕಚ್ಚಿಕೊಂಡಿತ್ತು, ಚಕ್ರ ತಿರುಗಿಸಿದರೆ ಕಡ್ಡಿಯೊಂದೇ ಸುತ್ತುತ್ತಿತ್ತು. ಬಿಲ್ಲೆಯ ಒಂದು ಅಂಚಿನಲ್ಲಿ ಹುಣಸೆಬೀಜದಷ್ಟು ಸಂದಿ. ನಮ್ಮ ಎರಡು ಬಚ್ಚಲಿಗೂ ಮೂರು ತಿಂಗಳು ನೀರು ಬಂದಿದ್ದು ಅಷ್ಟರಲ್ಲೇ. ಬಾಲ್ ವಾಲ್ವ್ ಮಾತ್ರ ಹಾಕಿ ಒಂದು ಸಲ ಅಳೆದೆ: ಕೆಳಗಿನ ಬಚ್ಚಲು 1 ನಿಮಿಷ 35 ಸೆಕೆಂಡು. ಅರ್ಧಕ್ಕರ್ಧ ಸರಿಹೋಗಿತ್ತು, ಆದರೂ ಅಡುಗೆಮನೆಯಷ್ಟು ಇರಲಿಲ್ಲ.

ಆಮೇಲೆ ಮೊದಲ ಎಲ್ಬೋ ಬಿಚ್ಚಿದರು. ಒಳಗೆ ಕಂದು ಬಣ್ಣದ ಗಂಟುಗಂಟು, ಅದರ ಮೇಲೆ ಟ್ಯಾಂಕ್ ತೊಳೆದ ಕೆಸರು ಮೆತ್ತಿಕೊಂಡು ಒಣಗಿದ ಹಾಗಿತ್ತು. ನನ್ನ ಕಿರುಬೆರಳು ಅರ್ಧಕ್ಕೇ ನಿಂತಿತು. ಅದನ್ನೂ ಎಂಟಡಿ ಜಿಐ ಪೈಪನ್ನೂ ತೆಗೆದು ಹೊಸದು ಹಾಕಿ, ಗಾಳಿ ಕೊಳವೆ ಎಬ್ಬಿಸಿದರು. ಈಗ ಕೆಳಗಿನ ಬಚ್ಚಲು 52 ಸೆಕೆಂಡು. ಮೇಲಿನ ನಲ್ಲಿ 1 ನಿಮಿಷ 15 ಸೆಕೆಂಡು. ಕೂಲಿ, ಸಾಮಾನು ಎಲ್ಲಾ ಸೇರಿ 4,300 ರೂಪಾಯಿ ಆಯ್ತು.

ಅಮ್ಮ ಬೆಳಗ್ಗೆ ನಲ್ಲಿ ತಿರುಗಿಸಿದವರು ನೀರು ಮುಖಕ್ಕೆ ಸಿಡಿದಾಗ ಬೆಚ್ಚಿ ಹಿಂದೆ ಸರಿದರು. ಆಮೇಲೆ ನಕ್ಕರು.

ಮೇಲಿನ ಷವರ್ ಮಾತ್ರ ಸುಮಾರಾಗಿದೆ. ಇಂಜಿನಿಯರ್ ಸಾರ್ ಹೇಳಿದ ಆರಡಿ ಲೆಕ್ಕವೇ ಇರಬೇಕು. ಅದಕ್ಕೇನು ಮಾಡಲಿ?

ನಿವೃತ್ತ ಇಂಜಿನಿಯರ್, ಸರಸ್ವತಿಪುರಂ · ಮಂಗಳವಾರ ಬೆಳಗ್ಗೆ 6:25

ತುಂಬಾ ಸಂತೋಷ ಆಯ್ತಮ್ಮ. ಷವರ್‌ಗೆ ಎರಡು ದಾರಿ. ಈಗಿರೋದು ಅಗಲ ತಟ್ಟೆಯ, ಐದಾರು ಬಗೆಯಲ್ಲಿ ಸುರಿಯೋ ಷವರ್ ಆಗಿದ್ದರೆ ಅದಕ್ಕೆ ಒಂದು ಬಾರ್ ಹತ್ತಿರ ಬೇಕು, ನಿಮ್ಮಲ್ಲಿ ಅದರ ಐದನೇ ಒಂದು ಭಾಗವೂ ಇಲ್ಲ. ದೊಡ್ಡ ತೂತುಗಳ ಚಿಕ್ಕ ಸಾದಾ ಷವರ್ ಹಾಕಿ ನೋಡಿ, ಮೊದಲು ಅಷ್ಟು ಸಾಕು. ಅದೂ ಸಾಲದಿದ್ದರೆ ಟ್ಯಾಂಕನ್ನ ಇನ್ನೊಂದು ಆರಡಿ ಏರಿಸಬೇಕು, ಆಗ ಷವರಿನ ಒತ್ತಡ ಎರಡರಷ್ಟಾಗುತ್ತೆ. ಆದರೆ ತುಂಬಿದ ಟ್ಯಾಂಕು ಒಂದು ಟನ್ ಭಾರ. ಕಂಬ, ತೊಲೆ ಎಲ್ಲಿದೆ ನೋಡಿ ಅದರ ಮೇಲೇ ಕಟ್ಟೆ ಬರೋ ಹಾಗೆ ಇಂಜಿನಿಯರ್ ಒಬ್ಬರಿಗೆ ತೋರಿಸಿಯೇ ಮಾಡಿಸಿ. ಸೋಲಾರ್ ಟ್ಯಾಂಕಿಗೆ ಬರೋ ಒತ್ತಡವೂ ಅದರ ಜೊತೆಗೇ ಏರುತ್ತೆ, ಅದರ ಗಾಳಿ ಕೊಳವೆಯನ್ನೂ ಹೊಸ ನೀರಿನ ಮಟ್ಟಕ್ಕಿಂತ ಮೇಲೆ ಎತ್ತಿಸಬೇಕು, ಅಷ್ಟನ್ನ ತಡೆಯುತ್ತಾ ಅಂತ ಸೋಲಾರ್ ಹಾಕಿದವರನ್ನೂ ಕೇಳಿ.

ವಿಜಯನಗರ ಬಾಡಿಗೆದಾರ · ಬುಧವಾರ ಸಂಜೆ 7:00

ನಮ್ಮ ಕಡೆಯದೂ ಹೇಳಿಬಿಡ್ತೀನಿ. ಅಕ್ಕಪಕ್ಕ ಕೇಳಿದೆ, ಅವರಿಗೆಲ್ಲಾ ಚೆನ್ನಾಗಿ ಬರ್ತಿದೆ. ಓನರ್ ಜೊತೆ ಹೋಗಿ ಅರ್ಜಿ ಕೊಟ್ವಿ. ಸಿಬ್ಬಂದಿ ಬಂದು ಮೀಟರ್ ಬಿಚ್ಚಿ ಜಾಲರಿ ತೆಗೆದರು, ಒಂದು ಚಮಚದಷ್ಟು ಮರಳು, ತುಕ್ಕಿನ ಚೂರು ಇತ್ತು. ಇವತ್ತು ಎರಡು ಗಂಟೆಯಲ್ಲಿ ಸಂಪು ಮುಕ್ಕಾಲು ತುಂಬಿತು. ಮೋಟರ್ ಮಾತು ಓನರ್ ಕೈಬಿಟ್ಟಿದಾರೆ. ಮೀಟರಿನ ಜೋಡಣೆಯಲ್ಲಿ ಮಾತ್ರ ನಿಮಿಷಕ್ಕೊಂದು ಹನಿ ಬೀಳ್ತಿದೆ, ನಾವೇ ಬಿಗಿ ಮಾಡಬಹುದಾ?

ಪ್ಲಂಬಿಂಗ್ 22 ವರ್ಷ · ಬುಧವಾರ ರಾತ್ರಿ 8:40

ಬೇಡ, ಸೀಲ್ ಇರುತ್ತೆ. ಬಿಚ್ಚಿದವರಿಗೇ ಹೇಳಿ, ವಾಷರ್ ಹಳೇದನ್ನೇ ಹಾಕಿರ್ತಾರೆ. ಹೊಸ ವಾಷರ್ ಹಾಕಿದರೆ ನಿಲ್ಲುತ್ತೆ.